ಸರ್ವೋತ್ತಮ ಯಾವ ಗುಂಪಿನವನು?

ಟಾಲ್, ಟಾಲರ್, ಟಾಲೆಸ್ಟ್. ದೊಡ್ಡವರಿಗೆಂದು ನಡೆಯುವ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಈ ಪಾಠ ಬರುವ ಹೊತ್ತಿಗೆ ಕಲಿಯುವವರಿಗೆ ತಮ್ಮ ಹೆಸರು, ಊರು, ಕೆಲಸ ಹೇಳಿಕೊಳ್ಳುವಷ್ಟು ಮಾತು ಬಂದಿರುತ್ತದೆ. ಗಾರ್ಮೆಂಟ್ಸ್‌ ಶಿಫ್ಟು ಮುಗಿಸಿ ನೇರವಾಗಿ ಬಂದವರು, ಕ್ಯಾಬ್ ಓಡಿಸುವವರು, ಮಕ್ಕಳ ಹೋಂವರ್ಕ್ ಅರ್ಥವಾಗದೆ ಬೇಸತ್ತ ತಾಯಂದಿರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಮಕ್ಕಳ ಶಾಲೆಯಾಗಿದ್ದರೆ ಮೇಷ್ಟ್ರು ಮೂವರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸುತ್ತಾರೆ, ಕ್ಲಾಸು ನಗುತ್ತದೆ, ಪಾಠ ತಲೆಗೆ ಹತ್ತುತ್ತದೆ. ಐವತ್ತು ದಾಟಿದವರನ್ನು ಹಾಗೆ ನಿಲ್ಲಿಸಿ ‘ಇವರಲ್ಲಿ ಶಾರ್ಟೆಸ್ಟ್ ಯಾರು?’ ಎಂದು ಕೇಳುವ ಸಾಹಸಕ್ಕೆ ಅನುಭವಸ್ಥ ಶಿಕ್ಷಕರು ಕೈಹಾಕುವುದಿಲ್ಲ. ಎತ್ತರ, ತೂಕ, ವಯಸ್ಸು, ಮೈಬಣ್ಣ, ಸಂಬಳ: ಈ ವ್ಯಾಕರಣ ಕಲಿಸಲು ಹೇಳಿ ಮಾಡಿಸಿದಂಥ ವಿಷಯಗಳೆಲ್ಲ ಮನುಷ್ಯರನ್ನು ನೋಯಿಸುವ ವಿಷಯಗಳೂ ಆಗಿರುತ್ತವೆ. ಹಾಗಾಗಿ ಪಾಠ ಮೆಲ್ಲಗೆ ಊರು, ಬಸ್ಸು, ಮೊಬೈಲು, ತರಕಾರಿ ರೇಟಿನ ಕಡೆಗೆ ಸರಿಯುತ್ತದೆ. ಬೆಂಗಳೂರಿಗಿಂತ ಮೈಸೂರು ಸಣ್ಣದು. ಬಸ್ಸಿಗಿಂತ ಮೆಟ್ರೋ ಫಾಸ್ಟು. ಬೆಳ್ಳಿಗಿಂತ ಬಂಗಾರ ದುಬಾರಿ.

ಹೀಗೆ ಪಕ್ಕಕ್ಕೆ ಸರಿಯುವುದನ್ನು ಬರೀ ಸಭ್ಯತೆ ಎಂದು ಬಿಟ್ಟುಬಿಡಬಹುದು. ಆದರೆ ಅದರ ಹಿಂದೆ ಬಹಳ ಹಳೆಯ ಪ್ರಶ್ನೆಯೊಂದು ಕೂತಿದೆ. ಒಬ್ಬರನ್ನು ಇನ್ನೊಬ್ಬರಿಗಿಂತ ಮೇಲು ಎನ್ನುವಾಗ ನಾವು ಹೇಳುತ್ತಿರುವುದು ಅವರ ಬಗ್ಗೆಯೋ, ನಮ್ಮ ಅಳತೆಗೋಲಿನ ಬಗ್ಗೆಯೋ? ಎಲ್ಲಕ್ಕಿಂತ ದೊಡ್ಡವನು ಎಂದು ದೇವರನ್ನು ಹೊಗಳುವಾಗ ಆ ‘ಎಲ್ಲ’ದಲ್ಲಿ ಅವನೂ ಸೇರಿದ್ದಾನೆಯೆ? ಹೈಸ್ಕೂಲಿನಲ್ಲಿ ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಉರುಹೊಡೆದವರಿಗೆ ಇದು ಎಳೆದು ತಂದ ಪ್ರಶ್ನೆಯಾಗಿ ಕಾಣಬಹುದು. ಆದರೆ ಸಂತರು, ಬಿಷಪ್ಪರು, ಭಾಷ್ಯಕಾರರು ಎಷ್ಟೋ ಜನ ಇದೇ ಮೂರು ಮೆಟ್ಟಿಲಿನ ಮುಂದೆ ತಡೆದು ನಿಂತಿದ್ದಾರೆ.

ಮೊದಲು ಕ್ಲಾಸಿನ ಕಷ್ಟ. ಕನ್ನಡದವರು ಇಂಗ್ಲಿಷ್ ಕಲಿಯುವಾಗ ‘ರಾಜು ಈಸ್ ಟಾಲ್ ದ್ಯಾನ್ ರವಿ’ ಎನ್ನುವುದು ತೀರ ಸಾಮಾನ್ಯ. ತಪ್ಪಿಗೆ ಕಾರಣ ದಡ್ಡತನವಲ್ಲ. ರವಿಗಿಂತ ರಾಜು ಎತ್ತರ ಎನ್ನುವಾಗ ಕನ್ನಡದಲ್ಲಿ ‘ಎತ್ತರ’ಕ್ಕೆ ಏನೂ ಆಗುವುದಿಲ್ಲ. ಹೋಲಿಕೆಯ ಭಾರವನ್ನೆಲ್ಲ ರವಿಯ ಬೆನ್ನಿಗಂಟಿದ ‘ಗಿಂತ’ ಹೊರುತ್ತದೆ. ‘ಅತಿ ಎತ್ತರ’ಕ್ಕೂ ಅಚ್ಚಗನ್ನಡದಲ್ಲಿ ಬೇರೆ ರೂಪವಿಲ್ಲ. ‘ಎಲ್ಲರಿಗಿಂತ’ ಎಂದರಾಯಿತು, ಇಲ್ಲವೇ ‘ಅವನಿಗಿಂತ ಎತ್ತರದವರು ಇಲ್ಲ’ ಎಂದರಾಯಿತು. ಬೈಬಲ್ಲಿನ ಹೀಬ್ರೂ ಭಾಷೆಯ ಪಾಡೂ ಹೆಚ್ಚು ಕಡಿಮೆ ಇದೇ. ಅಲ್ಲಿಯೂ ಗುಣವಾಚಕ ಬದಲಾಗುವುದಿಲ್ಲ, ‘ಅದರಿಂದ ದೊಡ್ಡದು’ ಎಂಬ ಧಾಟಿಯಲ್ಲಿ ಹೋಲಿಸುತ್ತಾರೆ. ತುತ್ತತುದಿಯನ್ನು ತೋರಿಸಬೇಕಾದಾಗ ರಾಜರ ರಾಜ, ಹಾಡುಗಳ ಹಾಡು ಎಂದು ಒಂದೇ ಪದವನ್ನು ಜೋಡಿಸುತ್ತಾರೆ. ನಮ್ಮ ಶಾಸನಗಳ ರಾಜಾಧಿರಾಜನಿಗೆ ಅದು ಅಪರಿಚಿತವಲ್ಲ.

ಇದನ್ನು ದಾಟಿದ ಮೇಲೆ ಬರುವುದು ಹೆಚ್ಚು ಸ್ವಾರಸ್ಯದ ನಿಯಮ. ‘ಟಾಲೆಸ್ಟ್’ ಎಂದಾಗ ಎಲ್ಲಿ, ಯಾರ ಪೈಕಿ ಎಂದು ಹೇಳಲೇಬೇಕು: ಈ ಕ್ಲಾಸಿನಲ್ಲಿ, ಆ ಮೂವರಲ್ಲಿ, ಕರ್ನಾಟಕದಲ್ಲಿ. ಬಾಯಿಬಿಟ್ಟು ಹೇಳದಿದ್ದರೂ ಕೇಳುವವನ ಮನಸ್ಸಿನಲ್ಲಿ ಆ ಬೇಲಿ ಇರಬೇಕು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಬೇಲಿಯನ್ನು ದಕ್ಷಿಣ ಭಾರತಕ್ಕೆ ಸರಿಸಿದರೆ ಆ ಪಟ್ಟ ಕೇರಳದಲ್ಲಿರುವ, 2,695 ಮೀಟರಿನ ಆನೈಮುಡಿಗೆ ಹೋಗುತ್ತದೆ. ಜಗತ್ತಿಗೇ ಸರಿಸಿದರೆ ಎವರೆಸ್ಟು, 8,848.86 ಮೀಟರ್. ಅಲ್ಲಿಗಾದರೂ ಮುಗಿಯಿತೇ ಎಂದರೆ ಇಲ್ಲ, ಬೇಲಿಯ ಜೊತೆಗೆ ಅಳತೆಗೋಲೂ ಇದೆಯಲ್ಲ! ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟು. ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರ್ ದೇಶದ ಚಿಂಬೊರಾಜೊ ಎರಡು ಕಿಲೋಮೀಟರಿನಷ್ಟು ಮುಂದಿದೆ, ಏಕೆಂದರೆ ಭೂಮಿ ಸಮಭಾಜಕ ವೃತ್ತದ ಬಳಿ ಉಬ್ಬಿಕೊಂಡಿದೆ. ಬುಡದಿಂದ ತುದಿಗೆ ಅಳೆದರೆ ಸಮುದ್ರದ ತಳದಲ್ಲಿ ಬುಡವಿಟ್ಟುಕೊಂಡಿರುವ ಹವಾಯಿಯ ಮೌನಾ ಕೇಯಾ 10,000 ಮೀಟರ್ ದಾಟುತ್ತದೆ. ಮೂರು ಬೆಟ್ಟಗಳೂ ‘ಹೈಯೆಸ್ಟ್’ ಎನ್ನಿಸಿಕೊಳ್ಳಬಲ್ಲವು, ಯಾವುದೂ ಸುಳ್ಳಲ್ಲ.

ಪ್ಲೇಟೋನ ಸಾಕ್ರಟೀಸ್ ಸಾಯುವ ದಿನ ಜೈಲಿನಲ್ಲಿ ಕೂತು ಇದೇ ಮಾತೆತ್ತುತ್ತಾನೆ. ಸಿಮ್ಮಿಯಾಸ್ ಸಾಕ್ರಟೀಸನಿಗಿಂತ ಉದ್ದ, ಫೀಡೋನಿಗಿಂತ ಗಿಡ್ಡ. ಹಾಗಾದರೆ ಒಬ್ಬನೇ ಮನುಷ್ಯನಲ್ಲಿ ಉದ್ದವೂ ಗಿಡ್ಡವೂ ಒಟ್ಟಿಗೆ ಇವೆಯೆ? ಇವತ್ತಿನ ಓದುಗನಿಗೆ ಇದು ಕ್ಷುಲ್ಲಕ ಅನ್ನಿಸುತ್ತದೆ. ಪ್ಲೇಟೋಗೆ ಅನ್ನಿಸಲಿಲ್ಲ. ಯಾರಿಗೂ ಹೋಲಿಸದೆ ನಿಲ್ಲುವ ‘ಎತ್ತರವೆಂಬುದೇ’ ಒಂದು ಎಲ್ಲೋ ಇರಬೇಕು ಎಂಬ ಅವನ ದೊಡ್ಡ ಸಿದ್ಧಾಂತಕ್ಕೆ ಇಂಥ ಸಣ್ಣ ಗೊಂದಲಗಳೂ ಆಧಾರವಾದವು.

ಇನ್ನು ದೇವರ ಪ್ರಶ್ನೆ. ಅದನ್ನು ನೇರವಾಗಿ ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕೇ ತಂದವನು ರಾಬರ್ಟ್ ಲೌತ್. 1762ರಲ್ಲಿ ಅವನು ಬರೆದ ಪುಟ್ಟ ಇಂಗ್ಲಿಷ್ ವ್ಯಾಕರಣ ಮುಂದೆ ಎಷ್ಟೋ ದಶಕ ಶಾಲೆಗಳನ್ನು ಆಳಿತು. ಅವನು ಪಾದ್ರಿ, ಹೀಬ್ರೂ ಕಾವ್ಯದ ದೊಡ್ಡ ವಿದ್ವಾಂಸ, ಆಮೇಲೆ ಲಂಡನ್ನಿನ ಬಿಷಪ್ಪನೂ ಆದ. ‘ಮೋರ್ ಬೆಟರ್’, ‘ಮೋಸ್ಟ್ ಟಾಲೆಸ್ಟ್’ ಎಂಬ ಜೋಡಿ ರೂಪಗಳನ್ನು ಇಂದಿನ ಶಿಕ್ಷಕರು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಾರಲ್ಲ, ಆ ಶಿಸ್ತನ್ನು ಗಟ್ಟಿಮಾಡಿದವರಲ್ಲಿ ಲೌತ್ ಮುಖ್ಯನು. ಅದಕ್ಕೂ ಮೊದಲು ಇಂಗ್ಲಿಷರು ಇದನ್ನು ಅಷ್ಟಾಗಿ ತಪ್ಪೆಂದು ಎಣಿಸುತ್ತಿರಲಿಲ್ಲ. ಶೇಕ್ಸ್‌ಪಿಯರ್ ಧಾರಾಳವಾಗಿ ಬಳಸಿದ್ದಾನೆ. 1611ರ ಬೈಬಲ್ಲಿನಲ್ಲಿ ಸಂತ ಪೌಲ ತಾನು ಹಿಂದೆ ಇದ್ದ ಪಂಥವನ್ನು ವರ್ಣಿಸುವಾಗ ಇಂಥದೇ ಡಬಲ್ ಸೂಪರ್‌ಲೇಟಿವ್ ಬರುತ್ತದೆ.

ಲೌತ್ ಇವೆಲ್ಲವನ್ನೂ ಅಸಾಧು ಎಂದ. ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟ. ಪ್ರಾರ್ಥನಾ ಪುಸ್ತಕದಲ್ಲಿ ಉಳಿದುಬಂದಿದ್ದ ಕೀರ್ತನೆಗಳ ಹಳೆಯ ಅನುವಾದದಲ್ಲಿ ದೇವರನ್ನು ‘ಮೋಸ್ಟ್ ಹೈಯೆಸ್ಟ್’ ಎಂದು ಕರೆದಿದೆ. ಅದು ಅಲ್ಲಿ ಒಪ್ಪುತ್ತದೆ ಎಂದ ಲೌತ್. ಕಾರಣ: ಅಲ್ಲಿ ಮಾತು ಪರಮಾತ್ಮನ ಕುರಿತು, ಅವನು ಅತ್ಯುನ್ನತಕ್ಕಿಂತಲೂ ಉನ್ನತ. ವ್ಯಾಕರಣದ ಬೇಲಿ ಹಾಕುವವನೇ ಒಂದು ಕಡೆ ದಾರಿ ಬಿಟ್ಟ. ಮೂರು ಮೆಟ್ಟಿಲಿನಲ್ಲಿ ಕೊನೆಯದರ ಮೇಲೆ ದೇವರನ್ನು ನಿಲ್ಲಿಸಿದರೂ ಸಾಲದು, ಮತ್ತೆ ಹಿಂದಿರುಗಿ ‘ಗಿಂತ’ಕ್ಕೇ ಬರಬೇಕು ಎಂದು ಅವನಿಗೆ ತೋರಿತು.

ಕಠೋಪನಿಷತ್ತು ಆತ್ಮವನ್ನು ಕುರಿತು ಆಡುವ ಮಾತಿಗೂ ಇದೇ ಕಟ್ಟಡವಿದೆ. ಅದು ಆತ್ಮವನ್ನು ಅತ್ಯಂತ ಸಣ್ಣದು ಎನ್ನುವುದಿಲ್ಲ, ಅಣುವಿಗಿಂತ ಅಣು ಎನ್ನುತ್ತದೆ. ಅತಿ ದೊಡ್ಡದು ಎನ್ನದೆ ದೊಡ್ಡದಕ್ಕಿಂತ ದೊಡ್ಡದು ಎನ್ನುತ್ತದೆ. ಸಂಸ್ಕೃತದಲ್ಲಿ ‘ಅಣಿಷ್ಠ’, ‘ಗರಿಷ್ಠ’, ‘ಕನಿಷ್ಠ’ ಮುಂತಾದ ತುದಿಯ ರೂಪಗಳು ಕೈಗೆಟುಕುವಂತೆ ಇದ್ದವು. ಅವನ್ನು ಬಿಟ್ಟು ಮಧ್ಯದ ಮೆಟ್ಟಿಲನ್ನು ಆರಿಸಿಕೊಂಡದ್ದು ಛಂದಸ್ಸಿನ ಅನುಕೂಲಕ್ಕೆ ಮಾತ್ರ ಇರಲಾರದು. ಮುಸ್ಲಿಮರ ತಕ್‌ಬೀರಿನಲ್ಲಿರುವ ‘ಅಕ್ಬರ್’ ಕೂಡ ಅರಬ್ಬಿಯಲ್ಲಿ ಹೋಲಿಕೆಯ ರೂಪವೇ, ಆದರೆ ಯಾವುದಕ್ಕೆ ಹೋಲಿಸಿ ಎಂಬ ಭಾಗ ಅಲ್ಲಿಲ್ಲ. ಏನನ್ನೇ ತಂದಿಟ್ಟರೂ ಅದಕ್ಕಿಂತ ದೊಡ್ಡವನು ಎಂದು ಕೆಲವರು ವಿವರಿಸುತ್ತಾರೆ, ಹೋಲಿಕೆಯೇ ಇಲ್ಲದ ದೊಡ್ಡವನು ಎಂದು ಇನ್ನು ಕೆಲವರು. ಎರಡನೆಯ ಪದವಿಲ್ಲದ ‘ಗಿಂತ’ವನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಹೋಗುತ್ತದೆ.

ಇಷ್ಟಕ್ಕೂ ತುತ್ತತುದಿಗೂ ‘ಗಿಂತ’ಕ್ಕೂ ನಿಜವಾಗಿ ವ್ಯತ್ಯಾಸವಿದೆಯೆ? ಬ್ರಿಟಿಷರ ಕಾಲದಲ್ಲಿ ರೆನ್ ಮತ್ತು ಮಾರ್ಟಿನ್ ಬರೆದ ವ್ಯಾಕರಣ ಓದಿದ ಭಾರತೀಯರು ಇಲ್ಲವೆನ್ನುತ್ತಾರೆ. ಅರ್ಥ ಕೆಡದಂತೆ ಡಿಗ್ರಿ ಬದಲಿಸಿ ಎಂಬ ಪ್ರಶ್ನೆ ಇವತ್ತಿಗೂ ಬರುತ್ತದೆ. ‘ಬೆಂಗಳೂರು ಕರ್ನಾಟಕದ ಅತಿ ದೊಡ್ಡ ನಗರ’ ಎಂಬುದನ್ನು ‘ಕರ್ನಾಟಕದ ಬೇರೆ ಯಾವ ನಗರಕ್ಕಿಂತಲೂ ಬೆಂಗಳೂರು ದೊಡ್ಡದು’ ಎಂದೋ, ‘ಕರ್ನಾಟಕದ ಬೇರೆ ಯಾವ ನಗರವೂ ಬೆಂಗಳೂರಿನಷ್ಟು ದೊಡ್ಡದಲ್ಲ’ ಎಂದೋ ತಿರುಗಿಸಬೇಕು. ಆ ‘ಬೇರೆ’ ಬಿಟ್ಟುಹೋದರೆ ಬೆಂಗಳೂರು ಬೆಂಗಳೂರಿಗಿಂತಲೂ ದೊಡ್ಡದು ಎಂದಂತಾಗುತ್ತದೆ, ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರು ಅದನ್ನೂ ಒಪ್ಪಿಯಾರು. ಅದಿರಲಿ. ನಗರಗಳ ಮಟ್ಟಿಗೆ ಮೂರೂ ವಾಕ್ಯ ಒಂದೇ.

ದೇವರ ಮಟ್ಟಿಗೆ ಒಂದೇ ಅಲ್ಲ ಎಂದು ಹಟ ಹಿಡಿದವನು ಅನ್ಸೆಲ್ಮ್. ನಾರ್ಮಂಡಿಯ ಬೆಕ್ ಮಠದಲ್ಲಿದ್ದಾಗ, ಸುಮಾರು 1077–78ರಲ್ಲಿ, ಅವನು ‘ಪ್ರೊಸ್ಲೋಗಿಯಾನ್’ ಎಂಬ ಕಿರುಗ್ರಂಥ ಬರೆದ. ದೇವರೆಂದರೆ ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಸಾಧ್ಯವಿಲ್ಲವೋ ಅದು ಎಂದು ಅಲ್ಲಿ ವಿವರಣೆ ಕೊಟ್ಟು, ಅಂಥದ್ದು ಬರೀ ಯೋಚನೆಯಲ್ಲಿ ಇದ್ದರೆ ಸಾಲದು, ನಿಜವಾಗಿಯೂ ಇರಲೇಬೇಕು ಎಂದು ವಾದಿಸಿದ. ಗೌನಿಲೋ ಎಂಬ ಸನ್ಯಾಸಿ ಇದಕ್ಕೆ ತಕರಾರು ಬರೆದ. ಎಲ್ಲೋ ಕಳೆದುಹೋದ ಒಂದು ದ್ವೀಪವಿದೆ, ಅದು ಎಲ್ಲ ನಾಡುಗಳಿಗಿಂತ ಶ್ರೇಷ್ಠ ಎಂದು ಕಲ್ಪಿಸಿಕೊಂಡ ಮಾತ್ರಕ್ಕೆ ಅದು ಇರಲೇಬೇಕೆ ಎಂದು ಕೇಳಿದ. ತತ್ತ್ವಶಾಸ್ತ್ರದ ತರಗತಿಗಳಲ್ಲಿ ದ್ವೀಪದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅನ್ಸೆಲ್ಮ್ ಕೊಟ್ಟ ಉತ್ತರದ ಒಂದು ಭಾಗವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ, ಅದು ಪೂರ್ತಿ ವ್ಯಾಕರಣದ ಜಗಳ. ನನ್ನ ಮಾತನ್ನು ನೀನು ‘ಎಲ್ಲಕ್ಕಿಂತ ದೊಡ್ಡದು’ ಎಂದು ತಿರುಗಿಸಿದ್ದೀಯ, ನಾನು ಎಲ್ಲಿಯೂ ಹಾಗೆ ಹೇಳಿಲ್ಲ, ಎರಡೂ ಒಂದಲ್ಲ ಎಂದು ಅವನು ಆಕ್ಷೇಪಿಸುತ್ತಾನೆ.

ಅವನ ಆಕ್ಷೇಪಕ್ಕೆ ಕನ್ನಡದಲ್ಲಿ ಸಿದ್ಧವಾದ ಗಾದೆಯೇ ಇದೆ: ಹಾಳೂರಿಗೆ ಉಳಿದವನೇ ಗೌಡ. ಇರುವವರ ಪೈಕಿ ದೊಡ್ಡವನಾಗಲು ದೊಡ್ಡವನಾಗಿರಬೇಕಾಗಿಲ್ಲ, ಉಳಿದವರು ಸಣ್ಣವರಾಗಿದ್ದರೆ ಸಾಕು. ಇರುವುದನ್ನೆಲ್ಲ ಒಟ್ಟುಹಾಕಿ ಅದರಲ್ಲಿ ಮೊದಲಿಗನನ್ನು ದೇವರು ಎಂದರೆ ಆ ಸ್ಥಾನ ಉಳಿದವುಗಳ ಕೃಪೆಯಿಂದ ಬಂದದ್ದಾಗುತ್ತದೆ. ಅನ್ಸೆಲ್ಮನ ವಾಕ್ಯದಲ್ಲಿ ಗುಂಪೇ ಇಲ್ಲ. ಅಲ್ಲಿ ಹೋಲಿಕೆ ಇರುವ ವಸ್ತುಗಳೊಡನೆ ಅಲ್ಲ, ಯೋಚಿಸಬಹುದಾದ ಸಾಧ್ಯತೆಗಳೊಡನೆ. ಅದೇ ಪುಸ್ತಕದಲ್ಲಿ ಮುಂದೆ ಅವನು ಇನ್ನೂ ಒಂದು ಹೆಜ್ಜೆ ಹೋಗಿ, ಯೋಚಿಸಬಹುದಾದದ್ದಕ್ಕಿಂತಲೂ ದೇವರು ದೊಡ್ಡವನು ಎನ್ನುತ್ತಾನೆ. ಅವನ ವಾದ ದೇವರನ್ನು ಸಾಬೀತುಮಾಡುತ್ತದೆಯೆ ಎಂಬುದು ಬೇರೆ ವಿಷಯ, ಕಾಂಟ್ ಮೊದಲಾದವರು ಒಪ್ಪಲಿಲ್ಲ. ಆದರೆ ಗೌನಿಲೋ ಜೊತೆಗಿನ ಈ ಜಗಳದಲ್ಲಿ ಅನ್ಸೆಲ್ಮನ ಕಡೆಗೇ ನ್ಯಾಯವಿದೆ. ಹೈಸ್ಕೂಲ್ ಪ್ರಶ್ನೆಪತ್ರಿಕೆಯಲ್ಲಿ ಅರ್ಥ ಕೆಡದಂತೆ ಎಂದಿರುವ ಕಡೆ ಅವನು ಉತ್ತರ ಬರೆಯದೆ ಎದ್ದು ಬರುತ್ತಿದ್ದ.

ಇಲ್ಲ ಎಂಬುದನ್ನು ಸೇರಿಸಿ ‘ಗಿಂತ’ದಿಂದಲೇ ತುದಿ ಮುಟ್ಟುವ ಈ ವಾಕ್ಯವಿನ್ಯಾಸ ಕನ್ನಡಕ್ಕೆ ಒಗ್ಗಿದ್ದು. ಬಸವಣ್ಣನ ಪ್ರಸಿದ್ಧ ವಚನವೊಂದು ಅದರ ಮೇಲೆಯೇ ನಿಂತಿದೆ. ಅಲ್ಲಿ ಅವನು ತನ್ನನ್ನು ಎಲ್ಲಕ್ಕಿಂತ ಕೆಳಗೆ, ಶರಣರನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾನೆ. ಮಂತ್ರಿಯಾಗಿದ್ದವನು ತಾನೇ ಕೆಳಗಿನ ತುದಿಗೆ ಹೋಗಿ ನಿಂತರೆ ಊರಿನ ಮೇಲು ಕೀಳಿನ ಲೆಕ್ಕವೇ ತಲೆಕೆಳಗಾಗುತ್ತದೆ. ಕಪೆರ್ನೌಮಿಗೆ ಹೋಗುವ ದಾರಿಯಲ್ಲಿ ಯೇಸುವಿನ ಶಿಷ್ಯರು ತಮ್ಮೊಳಗೆ ಯಾರು ದೊಡ್ಡವರು ಎಂದು ಜಗಳವಾಡಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಯೇಸು ಆ ಪ್ರಶ್ನೆಗೆ ಹೆಸರು ಹೇಳಿ ಉತ್ತರಿಸುವುದಿಲ್ಲ. ಮೊದಲಿಗನಾಗಬೇಕೆಂದವನು ಎಲ್ಲರಿಗೂ ಸೇವಕನಾಗಲಿ ಎಂದು, ಒಂದು ಮಗುವನ್ನು ಎತ್ತಿ ನಡುವೆ ನಿಲ್ಲಿಸುತ್ತಾನೆ.

ಹೋಲಿಕೆಯ ಮೆಟ್ಟಿಲುಗಳನ್ನು ಹೀಗೆ ತಲೆಕೆಳಗು ಮಾಡದೆ, ಅವುಗಳನ್ನೇ ಮತದ ಅಡಿಪಾಯವಾಗಿಸಿದ ಚಿಂತನೆ ನಮ್ಮ ಕರಾವಳಿಯಲ್ಲೇ ಹುಟ್ಟಿತು. ಉಡುಪಿ ಬಳಿಯ ಪಾಜಕದ ಮಧ್ವಾಚಾರ್ಯರು (1238–1317) ಪಂಚಭೇದವನ್ನು ಹೇಳಿದವರು. ಈಶ್ವರ, ಜೀವ, ಜಡ ಇವುಗಳ ನಡುವಿನ ಭೇದ ನಿಜ. ಜೀವ ಜೀವಗಳ ನಡುವೆ, ಜಡ ಜಡಗಳ ನಡುವೆ ಇರುವ ಭೇದವೂ ನಿಜ. ಭೇದವಿದ್ದಲ್ಲಿ ಹೆಚ್ಚು ಕಡಿಮೆಯೂ ಇದೆ. ಸಂಸ್ಕೃತದ ತರ, ತಮ ಎಂಬ ಎರಡು ಪ್ರತ್ಯಯಗಳು, ಅಂದರೆ ಇಂಗ್ಲಿಷ್ ಕ್ಲಾಸಿನ ಆ ‘ಅರ್’ ಮತ್ತು ‘ಎಸ್ಟ್’, ಸೇರಿ ಆದ ತಾರತಮ್ಯ ಎಂಬ ಪದ ಆ ಮತದಲ್ಲಿ ಸಿದ್ಧಾಂತದ ಹೆಸರು. ಲಕ್ಷ್ಮಿ, ಆಮೇಲೆ ಬ್ರಹ್ಮ ಮತ್ತು ವಾಯು, ಆಮೇಲೆ ಸರಸ್ವತಿ ಮತ್ತು ಭಾರತಿ, ಆಮೇಲೆ ಗರುಡ, ಶೇಷ, ರುದ್ರ, ಹೀಗೆ ದೇವತೆಗಳ ಸಾಲು ಇಳಿಯುತ್ತ ಹೋಗುತ್ತದೆ. ರಾಯಚೂರು ಸೀಮೆಯ ಮಾನ್ವಿಯಲ್ಲಿದ್ದ ಜಗನ್ನಾಥದಾಸರು ಹದಿನೆಂಟನೇ ಶತಮಾನದಲ್ಲಿ ಬರೆದ ‘ಹರಿಕಥಾಮೃತಸಾರ’ದಲ್ಲಿ ಆರೋಹಣ ತಾರತಮ್ಯ ಸಂಧಿ, ಅವರೋಹಣ ತಾರತಮ್ಯ ಸಂಧಿ ಎಂದು ಬೇರೆ ಬೇರೆಯಾಗಿಯೇ ಇವೆ. ಒಂದರಲ್ಲಿ ಕೆಳಗಿನಿಂದ ಮೇಲಕ್ಕೆ, ಇನ್ನೊಂದರಲ್ಲಿ ಮೇಲಿನಿಂದ ಕೆಳಕ್ಕೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಈಗ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ಎಂದು ಅಭ್ಯಾಸ ಕೊಡುವ ಶಿಕ್ಷಕರಿಗೆ ಈ ಶೀರ್ಷಿಕೆಗಳು ಹಿಡಿಸಿಯಾವು.

ಈ ಸಾಲಿನ ತುದಿಯಲ್ಲಿ ವಿಷ್ಣು ಇದ್ದಾನೆಂದು ಹೊರಗಿನವರು ತಿಳಿಯುವುದುಂಟು. ಸಿದ್ಧಾಂತ ಅಷ್ಟು ಸರಳವಾಗಿಲ್ಲ. ಮಧ್ವರ ಮೊದಲ ವಿಭಜನೆಯೇ ಸ್ವತಂತ್ರ ಮತ್ತು ಪರತಂತ್ರ ಎಂದು. ಸ್ವತಂತ್ರನಾದವನು ಹರಿ ಒಬ್ಬನೇ, ಉಳಿದ ಸಮಸ್ತವೂ ಅವನನ್ನು ಆಶ್ರಯಿಸಿ ಇರುವಂಥದು. ತಾರತಮ್ಯದ ಮೆಟ್ಟಿಲುಗಳೆಲ್ಲ ಆ ಎರಡನೆಯ ಪಾಲಿನಲ್ಲಿವೆ. ಹರಿ ಸರ್ವೋತ್ತಮ, ವಾಯು ಜೀವೋತ್ತಮ ಎಂದು ಮಾಧ್ವರು ಹೇಳುವ ಮಾತನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಎರಡು ಉತ್ತಮಗಳೂ ಒಂದೇ ಜಾತಿಯವಲ್ಲ. ವಾಯುವಿನದು ಪಾಠದಲ್ಲಿ ಹೇಳಿದಂಥ ಶುದ್ಧ ಸೂಪರ್‌ಲೇಟಿವ್, ಜೀವರ ಪೈಕಿ ಮೊದಲಿಗ, ಬೇಲಿ ಸ್ಪಷ್ಟ. ಹರಿಯದು ಹಾಗಲ್ಲ. ಸಾಲಿನ ತುದಿಯಲ್ಲಿರುವವನಿಗೂ ಸಾಲನ್ನೇ ಹೊತ್ತವನಿಗೂ ಇರುವ ಅಂತರ ಅಲ್ಲಿದೆ. ಅನ್ಸೆಲ್ಮ್ ಮತ್ತು ಮಧ್ವರು ಬೇರೆ ಯಾವುದರಲ್ಲೂ ಒಪ್ಪದಿದ್ದರೂ, ದೇವರನ್ನು ಗುಂಪಿನ ಮೊದಲ ರ‍್ಯಾಂಕಿನವನನ್ನಾಗಿ ಮಾಡಬಾರದು ಎಂಬುದರಲ್ಲಿ ಹತ್ತಿರ ಬರುತ್ತಾರೆ.

ಮಧ್ವರು ಎಲ್ಲರಿಗಿಂತ ಭಿನ್ನವಾಗಿ ನಿಲ್ಲುವುದು ಮೋಕ್ಷದ ವಿಷಯದಲ್ಲಿ. ಮುಕ್ತಿಯಲ್ಲೂ ತಾರತಮ್ಯ ಇದೆ ಎಂದರು ಅವರು. ಮುಕ್ತರೆಲ್ಲರೂ ಆನಂದದಲ್ಲಿದ್ದಾರೆ, ಆದರೆ ಒಬ್ಬೊಬ್ಬರ ಆನಂದ ಅವರವರ ಸ್ವರೂಪದಷ್ಟೇ. ಚೊಂಬು ಚೊಂಬಿನಷ್ಟು ತುಂಬುತ್ತದೆ, ಹಂಡೆ ಹಂಡೆಯಷ್ಟು, ಯಾವುದೂ ಕೊರತೆಯಲ್ಲಿಲ್ಲ ಎಂಬ ದೃಷ್ಟಾಂತವನ್ನು ಸಂಪ್ರದಾಯ ಕೊಡುತ್ತದೆ. ಹಾಗಾಗಿ ಅಲ್ಲಿ ಅಸೂಯೆಯಿಲ್ಲ. ಶಂಕರರಿಗೆ ಇದು ಒಪ್ಪುವ ಮಾತಲ್ಲ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಅವರು ಸುಖದ ಹೆಚ್ಚು ಕಡಿಮೆಯೆಲ್ಲ ಕರ್ಮದ ಫಲ, ದೇಹವಿರುವವರೆಗಿನ ಮಾತು ಎನ್ನುತ್ತಾರೆ. ಮೋಕ್ಷ ಮಾಡಿ ಗಳಿಸಿದ್ದಲ್ಲವಾದ್ದರಿಂದ ಅದರಲ್ಲಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಇಬ್ಬರೂ ಓದುವುದು ಒಂದೇ ತೈತ್ತಿರೀಯ ಉಪನಿಷತ್ತನ್ನು. ಅದರ ಆನಂದವಲ್ಲಿಯಲ್ಲಿ ಲೆಕ್ಕವೊಂದಿದೆ. ಯುವಕ, ಸಜ್ಜನ, ಓದಿದವನು, ಗಟ್ಟಿಮುಟ್ಟಾದವನು, ಮೇಲೆ ಭೂಮಿಯ ಸಂಪತ್ತೆಲ್ಲ ಅವನದೇ ಎಂದಿಟ್ಟುಕೊಂಡರೆ ಅವನಿಗಾಗುವುದು ಒಂದು ಮನುಷ್ಯಾನಂದ. ಅದರ ನೂರು ಪಾಲು ಮನುಷ್ಯ ಗಂಧರ್ವರಿಗೆ. ಅದರ ನೂರು ಪಾಲು ದೇವಗಂಧರ್ವರಿಗೆ. ಹೀಗೆ ಪಿತೃಗಳು, ದೇವತೆಗಳ ಮೂರು ವರ್ಗ, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಹತ್ತು ಸಲ ನೂರರಿಂದ ಗುಣಿಸಿ ಬ್ರಹ್ಮನನ್ನು ಮುಟ್ಟುವ ಹೊತ್ತಿಗೆ ಒಂದರ ಮುಂದೆ 20 ಸೊನ್ನೆ ಬಂದಿರುತ್ತವೆ. ಜಗತ್ತಿನ ಯಾವ ವ್ಯಾಕರಣವೂ ಹೋಲಿಕೆಯನ್ನು ಇಷ್ಟು ಕಟ್ಟುನಿಟ್ಟಾಗಿ ಅಂಕಿಗೆ ಇಳಿಸಿರಲಾರದು. ಆದರೆ ಮನುಷ್ಯ ಗಂಧರ್ವರಿಂದ ಮೇಲಕ್ಕೆ ಪ್ರತಿ ಮೆಟ್ಟಿಲಿನಲ್ಲೂ ಉಪನಿಷತ್ತು ಒಂದು ಚಿಕ್ಕ ಮಾತು ಸೇರಿಸುತ್ತ ಹೋಗುತ್ತದೆ: ವೇದ ಬಲ್ಲ, ಕಾಮ ಮುಟ್ಟದ ಮನುಷ್ಯನಿಗೂ ಇಷ್ಟೇ ಆನಂದ. ಗಂಧರ್ವರಿಗೆಷ್ಟೋ ಅವನಿಗೂ ಅಷ್ಟು, ಇಂದ್ರನಿಗೆಷ್ಟೋ ಅವನಿಗೂ ಅಷ್ಟು. ಉಳಿದವರೆಲ್ಲ ಒಂದೊಂದು ಮೆಟ್ಟಿಲಿಗೆ ಕಟ್ಟುಬಿದ್ದಿರುವಾಗ ಇವನೊಬ್ಬ ಎಲ್ಲ ಮೆಟ್ಟಿಲಲ್ಲೂ ಇದ್ದಾನೆ. ಮುಕ್ತಿಯಲ್ಲೂ ಮೆಟ್ಟಿಲಿದೆ ಎನ್ನಲು ದ್ವೈತಿಗಳಿಗೆ ಈ ಲೆಕ್ಕವೇ ಆಧಾರ, ಮೆಟ್ಟಿಲು ದಾಟಿದ್ದೇ ಮುಕ್ತಿ ಎನ್ನಲು ಅದ್ವೈತಿಗಳಿಗೂ ಇದೇ ಆಧಾರ.

ಇಂದಿನ ಕನ್ನಡದಲ್ಲಿ ತಾರತಮ್ಯವೆಂದರೆ ಅನ್ಯಾಯ. ಲಿಂಗ ತಾರತಮ್ಯ, ಜಾತಿ ತಾರತಮ್ಯ ಎಂದು ಪತ್ರಿಕೆಗಳು ಬರೆಯುತ್ತವೆ. ಸಂವಿಧಾನದ 15ನೇ ವಿಧಿ ಅದನ್ನು ನಿಷೇಧಿಸಿದೆ ಎಂದು ಪೌರನೀತಿ ಪುಸ್ತಕ ಹೇಳುತ್ತದೆ. ಮಠದ ಪಾಠದಲ್ಲಿ ಪೂಜ್ಯವಾದ ಪದ ಕೋರ್ಟಿನಲ್ಲಿ ಅಪರಾಧವಾಗಿರುವುದು ಆಕಸ್ಮಿಕವಲ್ಲ. ಜೀವರ ಸ್ವರೂಪದಲ್ಲೇ ಮೇಲು ಕೀಳಿದೆ ಎಂಬ ಮಾತು ಬೀದಿಗೆ ಬಂದರೆ ಯಾರ ಕೈಗೆ ಕೋಲಾಗುತ್ತದೆ ಎಂಬುದನ್ನು ಈ ನಾಡು ನೋಡಿದೆ. ಸಿದ್ಧಾಂತದ ಪರವಾಗಿ ಒಂದನ್ನು ಹೇಳಬೇಕು. ಅದು ಹೇಳುವ ಸ್ವರೂಪ ಹುಟ್ಟಿದ ಮನೆಯಲ್ಲ, ಸಂಬಳವಲ್ಲ, ಹೊರಗಣ್ಣಿಗೆ ಕಾಣುವ ಯಾವುದೂ ಅಲ್ಲ. ಹಾಗಿದ್ದ ಮೇಲೆ ಪಕ್ಕದ ಮನೆಯವನನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕೆಂದು ತೀರ್ಪು ಕೊಡುವವನ ಕೈಯಲ್ಲಿ ಅಳತೆಗೋಲೇ ಇರುವುದಿಲ್ಲ. ಆದರೂ ಶತಮಾನಗಳುದ್ದಕ್ಕೂ ತೀರ್ಪು ಕೊಟ್ಟವರಿಗೆ ಕೊರತೆಯಾಗಲಿಲ್ಲ.

ಹಾಗಾದರೆ ಎಲ್ಲರೂ ಸಮ ಎಂದುಬಿಡೋಣವೆ? ಇಂಗ್ಲಿಷ್ ಪಾಠದಲ್ಲಿ ಅದಕ್ಕೂ ಜಾಗವಿದೆ, ‘ಆ್ಯಸ್ ಟಾಲ್ ಆ್ಯಸ್’. ಮನುಷ್ಯರನ್ನೇ ಉದಾಹರಣೆಯಾಗಿ ಬಳಸಬೇಕಾದಾಗ ಶಿಕ್ಷಕರಿಗೆ ಎಲ್ಲಕ್ಕಿಂತ ಕ್ಷೇಮವಾದ ವಾಕ್ಯ ಇದು. ಇಲ್ಲಿ ಬುದ್ಧ ತಡೆಯುತ್ತಾನೆ. ರಾಜಗೃಹದ ವೇಣುವನದಲ್ಲಿ ಸೋಣ ಎಂಬ ಗೃಹಸ್ಥನ ಮಗನಿಗೆ ಅವನು ಹೇಳಿದ ಮಾತು ಸಂಯುತ್ತ ನಿಕಾಯದಲ್ಲಿದೆ. ಬದಲಾಗುತ್ತಲೇ ಇರುವ ಮೈಯನ್ನು, ಅನಿಸಿಕೆಯನ್ನು, ಅರಿವನ್ನು ಹಿಡಿದುಕೊಂಡು ನಾನು ಮೇಲು ಎನ್ನುವುದೂ, ನಾನು ಸಮ ಎನ್ನುವುದೂ, ನಾನು ಕೀಳು ಎನ್ನುವುದೂ ಇದ್ದದ್ದನ್ನು ಇದ್ದಂತೆ ಕಾಣದ್ದರಿಂದಲೇ. ಬೌದ್ಧರು ಮೂರನ್ನೂ ಅಹಂಕಾರದ ವಿಧಗಳೆಂದೇ ಎಣಿಸುತ್ತಾರೆ. ನಾನು ಮೇಲು ಎಂಬುದು ಸೊಕ್ಕು ಎನ್ನುವುದು ಎಲ್ಲರಿಗೂ ಗೊತ್ತು. ಕೀಳರಿಮೆಯೂ ಸಮಾನತೆಯ ಭಾವವೂ ಅದೇ ಬೇರಿನವು ಎಂದದ್ದು ಬುದ್ಧನ ಹೊಸತನ. ಅಕ್ಕಪಕ್ಕ ಕಣ್ಣು ಹಾಯಿಸಿ ಅಳೆಯುವ ಚಟ ಮೂರರಲ್ಲೂ ಇದೆ. ಇದು ಭಿಕ್ಷುಗಳ ಬಾಳಿಗೆ ಹೊಂದುವ ಮಾತು ಎನ್ನಬಹುದು. ಕೂಲಿ ಸಮನಾಗಿರಲಿ ಎಂದು ಕೇಳುವ ಗಾರ್ಮೆಂಟ್ಸ್‌ ಹೆಂಗಸಿಗೆ ನಿನ್ನದೂ ಅಹಂಕಾರವೇ ಎನ್ನಲು ಯಾರಿಗೆ ಬಾಯಿ ಬಂದೀತು? ಕೂಲಿಯ ಅಳತೆ ಬೇರೆ, ಬಾಳಿನ ಅಳತೆ ಬೇರೆ. ಮೊದಲನೆಯದಕ್ಕೆ ರೂಪಾಯಿ ಎಂಬ ಅಳತೆಗೋಲಿದೆ, ಮತ್ತು ಅದನ್ನು ಬಳಸಲೇಬೇಕು.

ಅಳತೆಗೋಲು ಬದಲಾದರೆ ತೀರ್ಪು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕನ್ನಡದ ಅತ್ಯಂತ ಲವಲವಿಕೆಯ ಉದಾಹರಣೆ ಕನಕದಾಸರ ‘ರಾಮಧಾನ್ಯ ಚರಿತೆ’. ಕನಕದಾಸರು ವ್ಯಾಸರಾಯರ ಶಿಷ್ಯರು, ಅಂದರೆ ತಾರತಮ್ಯವನ್ನೇ ಸಿದ್ಧಾಂತವಾಗಿ ಒಪ್ಪಿದ ಪರಂಪರೆಯವರು. ಕುರುಬರಾಗಿ ಹುಟ್ಟಿ ಅದರ ಬೀದಿಯ ರೂಪವನ್ನೂ ಕಂಡವರು. ಕಾವ್ಯದಲ್ಲಿ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ರಾಮನ ಮುಂದೆ ಬರುತ್ತದೆ. ಭತ್ತ ತನ್ನ ಕುಲ, ತನ್ನ ಮಾನ, ದೊಡ್ಡವರ ಮನೆಯಲ್ಲಿ ತನಗಿರುವ ಸ್ಥಾನವನ್ನು ಮುಂದಿಡುತ್ತದೆ. ರಾಗಿ, ಆ ಕಾವ್ಯದ ಮಾತಿನಲ್ಲಿ ನರೆದಲಗ, ನಿನಗೆ ಬಡವರ ಮೇಲೆ ದಯೆಯಿಲ್ಲ ಎಂದು ತಿರುಗಿಬೀಳುತ್ತದೆ. ಇಬ್ಬರೂ ಗಟ್ಟಿಯಾಗಿ ಬೈದಾಡುತ್ತಾರೆ. ಸಭೆಯಲ್ಲಿ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಅಳತೆ.

ರಾಮ ವಾದವನ್ನು ಅಲ್ಲಿಗೇ ನಿಲ್ಲಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಬಾಗಿಲು ತೆಗೆದಾಗ ಭತ್ತ ಕಳೆಗುಂದಿದೆ, ರಾಗಿ ಇದ್ದ ಹಾಗೇ ಇದೆ. ರಾಮ ಮೆಚ್ಚಿ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಒಣಗಿಸಿ ಕೂಡಿಟ್ಟ ರಾಗಿ ಹುಳು ಹತ್ತದೆ ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ಬಯಲುಸೀಮೆಯ ರೈತರಿಗೆ ಗೊತ್ತಿದ್ದ ಸಂಗತಿ. ಬರಗಾಲ ಕಂಡ ಊರಿನ ಅಳತೆಗೋಲು ಅದು. ಪರೀಕ್ಷೆ ಆರು ತಿಂಗಳ ಸೆರೆಯಾಗಿರದೆ ಮದುವೆಮನೆಯ ಅಡುಗೆಯಾಗಿದ್ದರೆ ಭತ್ತವೇ ಗೆಲ್ಲುತ್ತಿತ್ತು. ಅದು ಕನಕದಾಸರಿಗೂ ತಿಳಿಯದ್ದೇನಲ್ಲ.